ಯಂತ್ರದ ಕಿವಿ, ವರ್ತಕನ ಬಾಯಿ

ಶಿವಮೊಗ್ಗದ ನೆಹರೂ ರಸ್ತೆಯಲ್ಲಿ ಗೋಪಿ ವೃತ್ತದ ಕಡೆಯಿಂದ ನಡೆದುಬರುವವನ ಕಣ್ಣಿಗೆ, ಬಟ್ಟೆಯಂಗಡಿ ಚಿನ್ನದಂಗಡಿಗಳ ನಡುನಡುವೆ ಮೊಬೈಲು ಕಂಪ್ಯೂಟರುಗಳ ಮಳಿಗೆಗಳು ಬೀದಿಯವರೆಗೂ ಚಾಚಿಕೊಂಡಿರುವ ಫಲಕಗಳು ಬೀಳದೆ ಹೋಗವು. ಬೆಲೆ ಇಳಿದಿದೆಯೆಂದೋ ಕಂತಿನಲ್ಲಿ ದೊರೆಯುತ್ತದೆಯೆಂದೋ ಸಾರುತ್ತಿದ್ದ ಆ ಫಲಕಗಳು ಈಚೆಗೆ ಹೊಸದೊಂದು ಪಲ್ಲವಿಯನ್ನು ಹಿಡಿದಿವೆ. ಯಂತ್ರಕ್ಕೆ ಕನ್ನಡ ಬಂದಿದೆಯಂತೆ. ನಾವು ನುಡಿದರೆ ಅದು ಬರೆಯುತ್ತದಂತೆ, ನಾವು ಕೇಳಿದರೆ ಅದು ಉತ್ತರಿಸುತ್ತದಂತೆ, ನಾವು ಬರೆದುದನ್ನು ಇಂಪಾದ ಕಂಠದಲ್ಲಿ ಓದಿಯೂ ಹೇಳುತ್ತದಂತೆ. ಕೊಳ್ಳುವವನು ಮಲೆನಾಡಿನ ಸಾವಧಾನಿಯಾದುದರಿಂದ ಒಂದು ಗಳಿಗೆ ನಿಂತು ಓದುತ್ತಾನೆ, ತಲೆಯಾಡಿಸುತ್ತಾನೆ, ಕಡೆಗೆ ಒಳಕ್ಕೆ ಹೋಗುತ್ತಾನೆ.

ಇದೆಲ್ಲ ನಿಜವೇ ಎಂದು ಕೇಳುವವರಿಗೆ ಒಂದೇ ಉಸಿರಿನಲ್ಲಿ ಹೌದೆಂದಾಗಲಿ ಅಲ್ಲವೆಂದಾಗಲಿ ಹೇಳಲು ಬರುವಂತಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಜಾಹೀರಾತುಗಳಲ್ಲಿ ಅಪ್ಪಟ ಸುಳ್ಳು ಅತ್ಯಲ್ಪ. ಯಾರು ಆಡಿದ ಮಾತು, ಎಂಥ ಸ್ಥಳದಲ್ಲಿ ಆಡಿದ ಮಾತು, ಯಾವ ವಿಷಯವಾಗಿ ಆಡಿದ ಮಾತು ಎಂಬ ಮೂರು ಸಂಗತಿಗಳನ್ನು ಅವು ಬಿಟ್ಟು ಹೇಳುತ್ತವೆ. ಹಾಗೆ ಬಿಟ್ಟುದರಿಂದಾಗಿ, ತಯಾರಕನ ಕೋಣೆಯಲ್ಲಿ ಅಕ್ಷರಶಃ ಸತ್ಯವಾಗಿದ್ದುದು ಗಿರಾಕಿಯ ಮನೆಯ ಹೊಸ್ತಿಲನ್ನು ದಾಟುವಷ್ಟರಲ್ಲಿ ಬೇರೆಯೇ ಆಗಿರುತ್ತದೆ.

ಪೆಟ್ಟಿಗೆಯೊಳಗಿಂದ ಕನ್ನಡವನ್ನು ಕೇಳುವುದು ಈ ಸೀಮೆಯವರಿಗೆ ಹೊಸತೇನೂ ಅಲ್ಲ. 1918ರಲ್ಲಿ ಸ್ಥಾಪಿತವಾಗಿ 1923ರಿಂದ ಕಬ್ಬಿಣವನ್ನು ಕೊಡತೊಡಗಿದ ಕಾರ್ಖಾನೆಯಿಂದಲೂ, 1936ರಲ್ಲಿ ಹುಟ್ಟಿದ ಕಾಗದದ ಗಿರಣಿಯಿಂದಲೂ ಹೆಸರಾಗಿದ್ದ ಭದ್ರಾವತಿಗೆ 1965ರಲ್ಲಿ ಆಕಾಶವಾಣಿಯ ನಿಲಯವೊಂದು ಬಂದಿತು. 675 ಕಿಲೋಹರ್ಟ್ಸಿನ ಆ ತರಂಗದ ಮೇಲೆ ತೋಟದ ಮನೆಗಳ ಚಾವಡಿಗೂ ಕಾರ್ಮಿಕರ ವಸತಿಗಳಿಗೂ ಪ್ರದೇಶಸಮಾಚಾರ, ಕೃಷಿಯ ಸಲಹೆ, ಭಾವಗೀತೆ ಎಲ್ಲವೂ ಹರಿದುಬಂದವು. ಆದರೆ ರೇಡಿಯೋ ಮಾರುವವನು ಪೆಟ್ಟಿಗೆಗೆ ಕನ್ನಡ ಬರುತ್ತದೆಂದು ಎಂದೂ ಹೇಳಿದವನಲ್ಲ. ಜೆ.ಪಿ.ಎಸ್. ಕಾಲನಿಯ ಕಟ್ಟಡದಲ್ಲಿ ಒಬ್ಬ ಉದ್ಘೋಷಕ ಕುಳಿತಿದ್ದಾನೆ, ಮಾತು ಅವನದು, ತಪ್ಪಾದರೆ ತಪ್ಪೂ ಅವನದು ಎಂಬುದು ಕೇಳುವವರೆಲ್ಲರಿಗೂ ತಿಳಿದಿತ್ತು. ಈಗಿನ ಯಂತ್ರದ ವಿಷಯದಲ್ಲಿ ತೊಡಕು ಇರುವುದು ಇಲ್ಲಿಯೇ. ಒಳಗೆ ಮನುಷ್ಯನಿದ್ದಾನೆಯೇ ಇಲ್ಲವೇ, ಇದ್ದರೆ ಎಷ್ಟರಮಟ್ಟಿಗೆ, ಎಂಬುದನ್ನು ಹೊರಗಿನವರು ಹೇಳಲಾರರು.

ಈ ತೊಡಕಿಗೆ ಇನ್ನೂರೈವತ್ತು ವರ್ಷಗಳ ಇತಿಹಾಸವಿದೆ. ವುಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಎಂಬ ಆಸ್ಥಾನದ ಅಧಿಕಾರಿಯು 1770ರಲ್ಲಿ ಸಾಮ್ರಾಜ್ಞಿ ಮರಿಯಾ ಥೆರೆಸಾಳ ಮುಂದೆ ಚದುರಂಗವಾಡುವ ತುರ್ಕಿ ಬೊಂಬೆಯೊಂದನ್ನು ತಂದು ನಿಲ್ಲಿಸಿದನು, ಯೂರೋಪೆಲ್ಲ ಬೆರಗಾಯಿತು, ಬೊಂಬೆಯ ಪೀಠದೊಳಗೆ ನುರಿತ ಆಟಗಾರನೊಬ್ಬನು ಮುದುಡಿ ಕುಳಿತಿರುತ್ತಿದ್ದನೆಂಬುದು ಆಮೇಲಿನ ಮಾತು. ಅದೇ ಕೆಂಪೆಲೆನ್ ಸುಮಾರು ಇಪ್ಪತ್ತು ವರ್ಷಗಳ ಕಾಲ ತಿದಿ, ಪೀಪಿಯ ನಾಲಗೆ, ರಬ್ಬರಿನ ಬಾಯಿ ಇವುಗಳಿಂದ ಮನುಷ್ಯನ ಶ್ವಾಸಕೋಶ ಕಂಠ ಬಾಯಿಗಳನ್ನು ಅನುಕರಿಸುವ ಇನ್ನೊಂದು ಯಂತ್ರವನ್ನು ಕಟ್ಟಿ, ಅದರ ತತ್ತ್ವವನ್ನು 1791ರ ಒಂದು ಗ್ರಂಥದಲ್ಲಿ ಯಾವ ಮುಚ್ಚುಮರೆಯೂ ಇಲ್ಲದೆ ವಿವರಿಸಿದನು. ಅದು ನಿಜವಾಗಿಯೂ ಕೆಲವು ಶಬ್ದಗಳನ್ನು ನುಡಿಯುತ್ತಿತ್ತು. ಲೋಕವು ನೆನಪಿನಲ್ಲಿ ಇಟ್ಟುಕೊಂಡದ್ದು ಮೋಸದ ಬೊಂಬೆಯನ್ನು. ನಿಜವಾದ ಯಂತ್ರ ಶಾಸ್ತ್ರಜ್ಞರ ಪಾಲಾಯಿತು. ಜಾಹೀರಾತಿನ ಕಲೆಯನ್ನು ಕುರಿತು ಇದಕ್ಕಿಂತ ಹೆಚ್ಚಿನ ಪಾಠವನ್ನು ನಾನು ಯಾವ ವ್ಯವಹಾರಶಾಸ್ತ್ರದ ಪುಸ್ತಕದಲ್ಲಿಯೂ ಓದಿಲ್ಲ.

ಪೀಠದೊಳಗಿನ ಮನುಷ್ಯನು ನಮ್ಮ ಕಾಲದಲ್ಲಿಯೂ ಪೂರ್ತಿಯಾಗಿ ಎದ್ದುಹೋಗಿಲ್ಲ. 2018ರಲ್ಲಿ ಗೂಗಲ್ ಸಂಸ್ಥೆಯು ತನ್ನ ವಾರ್ಷಿಕ ಸಮ್ಮೇಳನದಲ್ಲಿ, ಕ್ಷೌರದಂಗಡಿಗೂ ಹೋಟೆಲಿಗೂ ತಾನೇ ದೂರವಾಣಿ ಮಾಡಿ, ನಡುನಡುವೆ ಮನುಷ್ಯರಂತೆ ತಡವರಿಸುತ್ತ ಹೊತ್ತನ್ನು ಗೊತ್ತುಮಾಡುವ ಡ್ಯೂಪ್ಲೆಕ್ಸ್ ಎಂಬ ಧ್ವನಿಯನ್ನು ಕೇಳಿಸಿ ಸಭೆಯನ್ನು ಚಕಿತಗೊಳಿಸಿತು. ಮರುವರ್ಷ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ವಿಚಾರಿಸಿದಾಗ, ಸುಮಾರು ಶೇ 25ರಷ್ಟು ಕರೆಗಳನ್ನು ಮೊದಲಿನಿಂದಲೇ ಮನುಷ್ಯರು ಮಾಡುತ್ತಿದ್ದರೆಂದೂ, ಯಂತ್ರವೇ ಆರಂಭಿಸಿದವುಗಳಲ್ಲಿ ಸುಮಾರು ಶೇ 15ರಲ್ಲಿ ಮನುಷ್ಯರು ನಡುವೆ ಬಂದು ಸಂಭಾಷಣೆಯನ್ನು ಮುಗಿಸಬೇಕಾಗುತ್ತಿತ್ತೆಂದೂ ಸಂಸ್ಥೆಯೇ ಒಪ್ಪಿಕೊಂಡಿತು. ಒಪ್ಪಿಕೊಂಡದ್ದು ದೊಡ್ಡತನ, ಕೇಳುವವರೆಗೆ ಹೇಳದೆ ಇದ್ದುದು ವ್ಯಾಪಾರ.

ಇನ್ನೂ ಹಳೆಯದಾದ, ಆದರೆ ಹೆಚ್ಚು ಸೊಗಸಾದ ಉದಾಹರಣೆಯೊಂದಿದೆ. 1984ರ ಜನವರಿ 24ರಂದು ಕ್ಯಾಲಿಫೋರ್ನಿಯದ ಕುಪರ್ಟಿನೋದಲ್ಲಿ ಸ್ಟೀವ್ ಜಾಬ್ಸ್ ಚೀಲವೊಂದರಿಂದ ಮ್ಯಾಕಿಂತೋಷ್ ಎಂಬ ಪುಟ್ಟ ಗಣಕವನ್ನು ಹೊರತೆಗೆದು ಮೇಜಿನ ಮೇಲಿಟ್ಟಾಗ, ಅದು ತನ್ನನ್ನು ತಾನೇ ಪರಿಚಯಿಸಿಕೊಂಡು ಒಂದೆರಡು ಹಾಸ್ಯದ ಮಾತನ್ನೂ ಆಡಿತು. ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಮಾತನಾಡಿದ್ದು ಯಂತ್ರವೇ, ಒಳಗೆ ಯಾರೂ ಅಡಗಿರಲಿಲ್ಲ. ಆದರೆ ಅಂಗಡಿಯಲ್ಲಿ ಮಾರಾಟಕ್ಕಿದ್ದ ಯಂತ್ರದ ಸ್ಮೃತಿ 128 ಕಿಲೋಬೈಟು, ವೇದಿಕೆಯ ಮೇಲೆ ನುಡಿದ ಯಂತ್ರದ್ದು 512. ಅಷ್ಟೆಲ್ಲ ಚಮತ್ಕಾರಗಳಿಗೂ ಮಾತಿಗೂ ಒಟ್ಟಿಗೆ 128ರಲ್ಲಿ ಸ್ಥಳವಿಲ್ಲದುದರಿಂದ, ಇನ್ನೂ ಮಾರುಕಟ್ಟೆಗೆ ಬಾರದ ಮಾದರಿಯೊಂದನ್ನು ಅಂದಿನ ಪ್ರದರ್ಶನಕ್ಕೆ ಬಳಸಲಾಯಿತೆಂದು ಅದನ್ನು ರಚಿಸಿದವರಲ್ಲೊಬ್ಬರಾದ ಆ್ಯಂಡಿ ಹರ್ಟ್ಸ್‌ಫೆಲ್ಡ್ ಅನಂತರ ಬರೆದಿದ್ದಾರೆ.

ಕುರುಕ್ಷೇತ್ರದಲ್ಲಿ ಧರ್ಮರಾಯನು ದ್ರೋಣನಿಗೆ ಹೇಳಿದುದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕುಂಜರವೆಂಬ ಮಾತು ಮಾತ್ರ ಮೆಲ್ಲಗೆ ಬಂದಿತು, ಅಷ್ಟರಲ್ಲಿ ಶಂಖ ಮೊಳಗಿತು. ಜಾಹೀರಾತಿನ ಕೆಳಗಂಚಿನಲ್ಲಿ ಇರುವೆಯ ಸಾಲಿನಂತೆ ಹರಿಯುವ ಸಣ್ಣಕ್ಷರಗಳೆಲ್ಲ ಆ ಕುಂಜರದ ಸಂತತಿಯವೇ. 2011ರಲ್ಲಿ ಆ್ಯಪಲ್ ಸಂಸ್ಥೆ ತನ್ನ ಫೋನಿನಲ್ಲಿ ಸಿರಿ ಎಂಬ ಮಾತಿನ ಸಹಾಯಕಿಯನ್ನು ಕೂರಿಸಿ, ಕೇಳಿದ್ದೇ ತಡ ಉತ್ತರ ಬರುವ ದೃಶ್ಯಗಳನ್ನು ಪ್ರಸಾರಮಾಡಿದಾಗ, ದೃಶ್ಯಗಳನ್ನು ಮೊಟಕುಗೊಳಿಸಲಾಗಿದೆ ಎಂಬ ಸೂಚನೆ ಪರದೆಯ ಅಡಿಯಲ್ಲಿ ಇದ್ದೇ ಇತ್ತು. ಉತ್ತರ ತೋರಿಸಿದಷ್ಟು ಬೇಗ ಬರದೆಂದೂ ಎಷ್ಟೋ ಸಲ ಬಾರದೆಂದೂ ದೂರಿ 2012ರಲ್ಲಿ ಅಮೆರಿಕದ ಗ್ರಾಹಕರು ಮೊಕದ್ದಮೆ ಹೂಡಿದರು. ಅದು ವಜಾ ಆಯಿತು.

ಹೊರಗಿನ ಮಾತು ಸಾಕು. ಕನ್ನಡದಲ್ಲಿ ಮಾತನಾಡುವ ಗಣಕವೆಂಬ ಘೋಷಣೆಯನ್ನು ನಮ್ಮ ನಾಡು ಗಟ್ಟಿಯಾಗಿ ಕೇಳಿದ್ದು ಈ ಶತಮಾನದ ಆರಂಭದಲ್ಲಿ, ಸಿಂಪ್ಯೂಟರಿನ ಕಾಲದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಇವರೂ ಎನ್‌ಕೋರ್ ಎಂಬ ಕಂಪನಿಯವರೂ ಕೂಡಿ, ಅಂಗೈಯಗಲದ ಈ ಯಂತ್ರವನ್ನು ಸುಮಾರು 9,000 ರೂಪಾಯಿಗೆ ಕೊಡುವೆವೆಂದು ಹೊರಟರು. ಓದುಬರಹ ಬಾರದ ರೈತನೂ ಅದನ್ನು ಹಿಡಿದು, ಪರದೆಯ ಮೇಲಿನ ಸಂಗತಿಯನ್ನು ಕನ್ನಡದಲ್ಲಿಯೇ ಕೇಳಿ ತಿಳಿಯಬಹುದೆಂಬುದು ಅದರ ಮುಖ್ಯವಾದ ಆಕರ್ಷಣೆ. ಆ ಮಾತು ಪೊಳ್ಳಾಗಿರಲಿಲ್ಲ. 'ಧ್ವನಿ' ಎಂಬ ತಂತ್ರಾಂಶವು, ಮೊದಲೇ ಮುದ್ರಿಸಿಟ್ಟ ನಾದದ ತುಣುಕುಗಳನ್ನು ಅಕ್ಷರಕ್ಕೆ ತಕ್ಕಂತೆ ಜೋಡಿಸಿ, ಬರೆದಿದ್ದುದನ್ನು ನುಡಿಸುತ್ತಿತ್ತು. ಬರೆದಂತೆಯೇ ಬಹುಮಟ್ಟಿಗೆ ಉಚ್ಚರಿಸುವ ನಮ್ಮ ಲಿಪಿಗೆ ಅದು ಹೇಳಿಮಾಡಿಸಿದ ಉಪಾಯ. ದನಿ ಕಟ್ಟುಕಟ್ಟಾಗಿತ್ತು, ಭಾವವಿರಲಿಲ್ಲ, ಆದರೆ ಅರ್ಥವಾಗುತ್ತಿತ್ತು. ಮಾರಾಟವಾದದ್ದು ಕೆಲವೇ ಸಾವಿರ. ನನ್ನ ಮಟ್ಟಿಗೆ ಹೇಳುವುದಾದರೆ, ನುಡಿಯ ವಿಷಯದಲ್ಲಿ ಹೇಳಿದಷ್ಟನ್ನು ಮಾಡಿದ ಪ್ರಾಮಾಣಿಕ ಯಂತ್ರಗಳ ಪೈಕಿ ಅದೊಂದು. ಅದು ಸೋತದ್ದು ಬೆಲೆಯಲ್ಲಿ ಮತ್ತು ಮಾರುಕಟ್ಟೆಯಲ್ಲಿ.

ಯಂತ್ರ ಮಾತನಾಡುವುದು ಸುಲಭ, ಮಾತನ್ನು ಕೇಳಿ ಬರೆದುಕೊಳ್ಳುವುದು ಕಷ್ಟ. ಕನ್ನಡದಲ್ಲಿ ಹೇಳಿ ಬರೆಸುವ ಸೌಲಭ್ಯ ಗೂಗಲ್ಲಿನ ಮೂಲಕ 2017ರ ಆಗಸ್ಟಿನಲ್ಲಿ ಸಾಮಾನ್ಯರ ಫೋನಿಗೆ ಬಂದಿತು. ಈಗ ಅಂಥವು ಹಲವಿವೆ. ಅವುಗಳ ಯೋಗ್ಯತೆಯನ್ನು ನೋಡಬೇಕೆನ್ನುವವರು ಪ್ರದರ್ಶನದ ಕೊಠಡಿಗೆ ಹೋಗದೆ, ಭದ್ರಾವತಿಯ ತಾಲ್ಲೂಕು ಕಚೇರಿಯ ಆಸುಪಾಸಿನ ಯಾವುದಾದರೊಂದು ಜೆರಾಕ್ಸು ಮತ್ತು ಡಿಟಿಪಿ ಅಂಗಡಿಯ ಬೆಂಚಿನ ಮೇಲೆ ಒಂದು ಬೆಳಗ್ಗೆ ಕುಳಿತು ನೋಡತಕ್ಕದ್ದು. ನಾನು ಕುಳಿತ ಅಂಗಡಿಯಲ್ಲಿ ಅರ್ಜಿ ಬೆರಳಚ್ಚು ಮಾಡುವ ಹೆಣ್ಣುಮಗಳು ಫೋನನ್ನು ಬಾಯಿಯ ಹತ್ತಿರ ಹಿಡಿದು, ಎದುರಿಗಿದ್ದ ರೈತನು ಹೇಳಿದುದನ್ನು ತಾನೇ ಗ್ರಂಥಸ್ಥವಾದ ಕನ್ನಡಕ್ಕೆ ತಿರುಗಿಸಿ ನಿಧಾನವಾಗಿ ಉಚ್ಚರಿಸುತ್ತಿದ್ದಳು. ರೈತನು "ಖಾತೆ ನಮ್ಮಪ್ಪನ ಹೆಸ್ರಲ್ಲೇ ಐತೆ, ಅವ್ರು ತೀರ್ಕಂಡು ಎಲ್ಡು ವರ್ಷಾತು" ಎಂದದ್ದು, ಅವಳ ಬಾಯಲ್ಲಿ "ಸದರಿ ಜಮೀನಿನ ಖಾತೆಯು ನನ್ನ ತಂದೆಯವರ ಹೆಸರಿನಲ್ಲಿದ್ದು" ಎಂದಾಯಿತು. ಅದನ್ನು ಯಂತ್ರವು ನಿರ್ದುಷ್ಟವಾಗಿ ಬರೆಯಿತು. ರೈತನನ್ನೇ ನೇರವಾಗಿ ನುಡಿಯಲು ಹೇಳಿದಾಗ ಬಂದ ವಾಕ್ಯಕ್ಕೆ ತಲೆಯೂ ಇರಲಿಲ್ಲ, ಬುಡವೂ ಇರಲಿಲ್ಲ. ಹೊರಗೆ ಬಸ್ಸೊಂದು ಹಾರನ್ನು ಬಾರಿಸಿಕೊಂಡು ಹೋದಾಗ ಅವಳ ಶುದ್ಧವಾದ ವಾಕ್ಯದಲ್ಲಿಯೂ ಎರಡು ಪದಗಳು ಮಾಯವಾದವು.

ಅನಂತರ ಬಂದವು ಹೆಸರುಗಳು. ತಂದೆಯ ಹೆಸರಿನ ಮುಂಚೆ ಬರೆಯುವ 'ಬಿನ್' ಎಂಬುದು 'ದಿನ' ಎಂದಾಯಿತು. ಗಂಡನ ಹೆಸರಿನ ಮುಂಚೆ ಬರುವ 'ಕೋಂ' ಎಂಬುದು ಒಮ್ಮೆ 'ಕೋಮು', ಒಮ್ಮೆ 'ಕಾಮ' ಎಂದಾಗಿ ಅಂಗಡಿಯವರೆಲ್ಲರೂ ನಕ್ಕರು. ಹೊಸಮನೆ ಎಂಬ ಬಡಾವಣೆ 'ಹೊಸ ಮನೆ'ಯಾಗಿ ಎರಡು ಪದಗಳಾಗಿ ಒಡೆಯಿತು. ಸರ್ವೆ ನಂಬರು ನಲವತ್ತೆರಡು ಬಾರ್ ಎರಡು ಎಂದರೆ ಅಡ್ಡಗೆರೆಯನ್ನು ಹಾಕದೆ, ಊರಿನ ಮದ್ಯದಂಗಡಿಯೊಂದನ್ನು ಹೊಲದ ನಡುವೆ ತಂದು ನಿಲ್ಲಿಸಿತು. "ಮಾತೇನೋ ಹಿಡಿಯುತ್ತೆ ಸಾರ್, ಹೆಸರು ಹಿಡಿಯಲ್ಲ; ನಮ್ಗೆ ಕಾಸು ಕೊಡೋದು ಹೆಸರಿಗೇ" ಎಂದು ಅವಳು ಕೈಯಿಂದಲೇ ತಿದ್ದಿದಳು. ಅಲ್ಲಿಗೂ ಕೆಲಸ ಮುಗಿಯಲಿಲ್ಲ. ಫೋನು ಬರೆದುದು ಯೂನಿಕೋಡಿನಲ್ಲಿ, ಅವಳ ಅಂಗಡಿಯ ಹಳೆಯ ನಮೂನೆಗಳೆಲ್ಲ 'ನುಡಿ' ಎಂಬ ತಂತ್ರಾಂಶದ ಅಕ್ಷರದಲ್ಲಿ. ಕನ್ವರ್ಟ್ ಮಾಡುವಾಗ ಅರ್ಕಾವತ್ತು ಎಲ್ಲೆಲ್ಲಿಯೋ ಹೋಗಿ ಕುಳಿತುಕೊಳ್ಳುತ್ತದೆ, ಅದನ್ನೂ ಪ್ರೂಫ್ ನೋಡಬೇಕು. ಇಷ್ಟಾದರೂ ಬರಿಯ ಕೀಲಿಮಣೆಗಿಂತ ಇದು ಬೇಗವೇ ಎಂದು ಅವಳು ಹೇಳಿದುದನ್ನು ನಾನು ಮರೆಮಾಚಲಾರೆ. ಉದ್ದನೆಯ ಕರಾರುಪತ್ರವಾದರೆ ಅರ್ಧದಷ್ಟು ಹೊತ್ತು ಉಳಿಯುತ್ತದಂತೆ. ಯಂತ್ರಕ್ಕೆ ಕನ್ನಡ ಬರುತ್ತದೆಂಬ ಜಾಹೀರಾತು ಆ ಅಂಗಡಿಯಲ್ಲಿ ನಿಜವಾಗಿದ್ದುದು, ರೈತನಿಗೂ ಯಂತ್ರಕ್ಕೂ ನಡುವೆ ಅವಳು ಕುಳಿತಿದ್ದುದರಿಂದ.

ಶೇಕಡಾವಾರು ಅಂಕಿಗಳ ವಿಷಯಕ್ಕೆ ಬರೋಣ. ಜಾಹೀರಾತಿನವರಿಗೆ ಅದರ ಮೇಲೆ ಅಪಾರವಾದ ಪ್ರೀತಿ. ಯಂತ್ರವು ಕೇಳಿ ಬರೆದುದನ್ನು ಮೂಲದೊಡನೆ ಹೋಲಿಸಿ, ಬದಲಾದ ಪದ, ಬಿಟ್ಟುಹೋದ ಪದ, ಇಲ್ಲದೆ ಸೇರಿಕೊಂಡ ಪದ ಈ ಮೂರನ್ನೂ ಕೂಡಿಸಿ, ಮೂಲದ ಪದಗಳ ಸಂಖ್ಯೆಯಿಂದ ಭಾಗಿಸುವುದು ವಿದ್ವಾಂಸರ ರೂಢಿ. 2016ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಯಂತ್ರದ ದೋಷ ಶೇ 5.9ಕ್ಕೆ ಇಳಿದು ಮನುಷ್ಯನಿಗೆ ಸಮಾನವಾಯಿತೆಂದು ಘೋಷಿಸಿತು. ಕೆಲವೇ ತಿಂಗಳ ಮೇಲೆ ಐಬಿಎಂ ಸಂಸ್ಥೆಯು ತನ್ನದು ಶೇ 5.5 ಎಂದೂ, ಮನುಷ್ಯನನ್ನು ಸರಿಯಾಗಿ ಅಳೆದರೆ ಅವನದು ಶೇ 5.1 ಎಂದೂ, ಆದಕಾರಣ ಸಮಾನತೆ ಇನ್ನೂ ಬಂದಿಲ್ಲವೆಂದೂ ಹೇಳಿತು. 2017ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ 5.1ಕ್ಕೆ ಬಂದಿತು. ಅಳತೆಗೋಲಾದ ಮನುಷ್ಯನೇ ಮಾರುವವನ ಅಗತ್ಯಕ್ಕೆ ತಕ್ಕಂತೆ ಹಿಗ್ಗಿ ಕುಗ್ಗಿದ್ದು ಒಂದು ವಿನೋದ. ಇನ್ನೊಂದು, ಈ ಪರೀಕ್ಷೆಯೆಲ್ಲ ನಡೆದದ್ದು 1990ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ಮುದ್ರಿಸಿಕೊಂಡ ಇಂಗ್ಲಿಷ್ ದೂರವಾಣಿ ಸಂಭಾಷಣೆಗಳ ಒಂದೇ ಸಂಗ್ರಹದ ಮೇಲೆ.

ಆ ಲೆಕ್ಕವನ್ನು ಕನ್ನಡಕ್ಕೆ ತಂದರೆ ಅದು ಇನ್ನೂ ವಿಚಿತ್ರವಾಗುತ್ತದೆ. ನಮ್ಮಲ್ಲಿ ವಿಭಕ್ತಿ, ಬಹುವಚನ, ಕಾಲ, ನಿಷೇಧ, ಅವಧಾರಣೆ ಎಲ್ಲವೂ ಪದದ ಬಾಲಕ್ಕೆ ಅಂಟಿಕೊಳ್ಳುವುದರಿಂದ, ಬಾಲದ ಒಂದು ಸ್ವರ ತಪ್ಪಿದರೂ ಇಡೀ ಪದ ತಪ್ಪೆಂದು ಎಣಿಕೆಯಾಗುತ್ತದೆ. ಪದವನ್ನು ಬಿಟ್ಟು ಅಕ್ಷರಗಳನ್ನು ಎಣಿಸಿದರೆ ಅದೇ ಯಂತ್ರ ಪಂಡಿತನಂತೆ ಕಾಣುತ್ತದೆ. ಎರಡು ಅಂಕಿಗಳೂ ನಿಜ. ಫಲಕದ ಮೇಲೆ ಯಾವುದನ್ನು ಬರೆಸುತ್ತಾರೆಂಬುದನ್ನು ಊಹಿಸಲು ಜ್ಯೋತಿಷಿ ಬೇಡ. ಇದಕ್ಕಿಂತ ಮುಖ್ಯವಾದ ಮಾತೆಂದರೆ, 'ಹೊಸ ಮನೆ' ಎಂದು ಒಡೆದುದಕ್ಕೆ ಎರಡು ತಪ್ಪು, 'ಕೊಡತಕ್ಕದ್ದು' ಎಂಬುದು 'ಕೊಡತಕ್ಕದ್ದಲ್ಲ' ಎಂದಾದುದಕ್ಕೆ ಒಂದೇ ತಪ್ಪು. ಮೊದಲನೆಯದರಿಂದ ಯಾರಿಗೂ ನಷ್ಟವಿಲ್ಲ; ಎರಡನೆಯದರಿಂದ ಒಬ್ಬನ ಆಸ್ತಿ ಹೋಗಬಹುದು.

ಯಂತ್ರದ ಕಿವಿಗೆ ಯಾರ ಧ್ವನಿಯನ್ನು ಉಣಿಸಿ ಬೆಳೆಸಿದ್ದಾರೋ ಅವರ ಮಾತು ಅದಕ್ಕೆ ಕೇಳಿಸುತ್ತದೆ. ಬಹುಕಾಲ ಅದಕ್ಕೆ ಉಣಿಸಿದ್ದು ಪುಸ್ತಕವನ್ನು ನೋಡಿ ಓದಿದ ಕನ್ನಡವನ್ನು. ಶಿವಮೊಗ್ಗ ಜಿಲ್ಲೆಯ ಕನ್ನಡವಾದರೋ ಒಂದಲ್ಲ. ಸಾಗರದ ಹವ್ಯಕರ ಮನೆಮಾತು, ತೀರ್ಥಹಳ್ಳಿಯ ಮಾರಾಯ್ರೇ ಸೇರಿದ ಮಲೆನಾಡಿನ ಧಾಟಿ, ಶಿಕಾರಿಪುರದ ಬಯಲಿನ ಸೊಗಡು, ಕಬ್ಬಿಣದ ಕಾರ್ಖಾನೆಯನ್ನು ನೆಚ್ಚಿ ಬಂದ ತಮಿಳು ತೆಲುಗು ಉರ್ದು ಮನೆಗಳ ಮಕ್ಕಳು ಭದ್ರಾವತಿಯಲ್ಲಿ ಕಟ್ಟಿಕೊಂಡ ಕನ್ನಡ, ತಾಂಡಾಗಳ ಲಂಬಾಣಿಗರ ಕನ್ನಡ, ಇವೆಲ್ಲ ಇಲ್ಲಿಯವೇ. ಸಂಸ್ಕೃತಗ್ರಾಮವೆಂದು ಪ್ರಸಿದ್ಧವಾದ ಮತ್ತೂರಿನಲ್ಲಿ ಸಂಕೇತಿಯನ್ನಾಡುವ ಮನೆಗಳಿವೆ. ಅಲ್ಲಿಯ ಅಜ್ಜಿಯೊಬ್ಬರು ಮೊಮ್ಮಗನಿಗೆ ಹೇಳುವ ಒಂದು ವಾಕ್ಯದಲ್ಲಿ ಮೂರು ಭಾಷೆಗಳ ನೆರಳು ಬೀಳುವುದುಂಟು, ಅದನ್ನು ಬರೆದುಕೊಳ್ಳುವ ಯಂತ್ರವನ್ನು ನಾನಂತೂ ಕಂಡಿಲ್ಲ.

ಈ ಕೊರತೆಯನ್ನು ತುಂಬುವ ಪ್ರಯತ್ನ ನಡೆದಿಲ್ಲವೆಂದಲ್ಲ. ಭಾರತೀಯ ವಿಜ್ಞಾನ ಸಂಸ್ಥೆ, ಅದರ ಆವರಣದ ಆರ್ಟ್‌ಪಾರ್ಕ್ ಮತ್ತು ಗೂಗಲ್ ಸೇರಿ 2022ರಲ್ಲಿ ಆರಂಭಿಸಿದ 'ವಾಣಿ' ಯೋಜನೆಯು, ಭಾಷೆಯ ಹೆಸರಿನಿಂದ ಹೊರಡದೆ ಜಿಲ್ಲೆಯಿಂದ ಹೊರಟು, ದೇಶದ 773 ಜಿಲ್ಲೆಗಳ ಜನರ ಮಾತನ್ನು ಕೂಡಿಡುವ ಉದ್ದೇಶವುಳ್ಳದ್ದು. ಮೊದಲ ಹಂತದಲ್ಲಿ ಕೈಗೆತ್ತಿಕೊಂಡ ಜಿಲ್ಲೆಗಳಲ್ಲಿ ಶಿವಮೊಗ್ಗವೂ ಒಂದು. ಜನರ ಕೈಗೆ ಪಾಠವನ್ನು ಕೊಟ್ಟು ಓದಿಸದೆ, ಚಿತ್ರವೊಂದನ್ನು ತೋರಿಸಿ ಕಂಡುದನ್ನು ಹೇಳಿರೆಂದು ಕೇಳುತ್ತಾರೆ. ಹಾಗೆ ಹೇಳುವಾಗ ಮನುಷ್ಯನು ತನ್ನ ಮಾತನ್ನೇ ಆಡುತ್ತಾನೆ. ಇದು ವಿವೇಕದ ದಾರಿ. ಆದರೆ ಹೀಗೆ ಕೂಡಿಹಾಕಿದುದು ಇನ್ನೂ ಕಲಿಕೆಯ ಸಾಮಗ್ರಿ; ಅದನ್ನು ಈಗಲೇ ಕಲಿತು ಮುಗಿಸಿದಂತೆ ಫಲಕ ಬರೆಸುವುದು ಬಿತ್ತನೆಯ ದಿನವೇ ಊಟಕ್ಕೆ ಕರೆದಂತೆ.

ಮಾತಿನ ಯಂತ್ರವನ್ನು ವಿನೋದಕ್ಕಲ್ಲದೆ ಅವಶ್ಯಕ್ಕೆ ಬಳಸತಕ್ಕವರು ಅಂಧರು. ಜಾಹೀರಾತುಗಳು ಅವರನ್ನು ಚಿತ್ರದಲ್ಲಿ ತೋರಿಸುತ್ತವೆಯೇ ಹೊರತು ಅವರ ಅಭಿಪ್ರಾಯವನ್ನು ಕೇಳಿದಂತೆ ಕಾಣದು. ಶಿವಮೊಗ್ಗದಲ್ಲಿ ನನಗೆ ಪರಿಚಿತರಾದ ದೃಷ್ಟಿಯಿಲ್ಲದ ಅಧ್ಯಾಪಕರೊಬ್ಬರು ದಿನವೂ ಬಳಸುವುದು ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವನ್ನು. ಸ್ವತಃ ಅಂಧರಾದ ಮೈಕೇಲ್ ಕರನ್ 2006ರಲ್ಲಿ ಆಸ್ಟ್ರೇಲಿಯದಲ್ಲಿ ಆರಂಭಿಸಿದ್ದು ಅದು. ಅದರೊಡನೆ ಬರುವ ಇ-ಸ್ಪೀಕ್ ಎಂಬ ಧ್ವನಿ ತಗಡಿನ ಡಬ್ಬಿಯೊಳಗಿಂದ ಬಂದಂತಿದೆ, ನಮ್ಮಂಥವರಿಗೆ ಎರಡು ನಿಮಿಷ ಕೇಳುವುದೂ ಕಷ್ಟ. ಅವರು ಅದನ್ನು ನಾಲ್ಕು ಪಟ್ಟು ವೇಗದಲ್ಲಿ ಓಡಿಸಿ ಕೇಳುತ್ತಾರೆ. ನನ್ನ ಕಿವಿಗೆ ಜೀರುಂಡೆಯ ಸದ್ದು, ಅವರಿಗೆ ಸುತ್ತೋಲೆಯ ಮೂರನೆಯ ಪ್ಯಾರಾ. ಮಧುರಕಂಠದ ಹೊಸ ಧ್ವನಿಗಳನ್ನು ವೇಗಗೊಳಿಸಿದರೆ ವ್ಯಂಜನಗಳು ಕಲಸಿಹೋಗುತ್ತವೆಂಬುದೂ, ನೆಟ್‌ವರ್ಕ್ ಹೋದೊಡನೆ ಅವುಗಳ ಪೈಕಿ ಕೆಲವು ಮೂಕವಾಗುತ್ತವೆಂಬುದೂ ಅವರ ದೂರು. ಇಂಪಿಗಿಂತ ಅವರಿಗೆ ಬೇಕಾದುದು ಕಿ.ಮೀ. ಎಂಬುದನ್ನು ಕಿಲೋಮೀಟರ್ ಎಂದೂ, 1,25,000 ಎಂಬುದನ್ನು ಒಂದು ಲಕ್ಷದ ಇಪ್ಪತ್ತೈದು ಸಾವಿರವೆಂದೂ ಓದುವ ವಿವೇಕ. ಅದನ್ನು ಫಲಕದ ಮೇಲೆ ಬರೆಸಿದವರನ್ನು ನಾನು ನೋಡಿಲ್ಲ.

ನೆಟ್‌ವರ್ಕಿನ ಮಾತು ಬಂದುದರಿಂದ ಹೇಳುತ್ತೇನೆ. ಫೋನಿಗೆ ಹೇಳಿದ ಮಾತು ಅನೇಕ ವೇಳೆ ಫೋನಿನಲ್ಲಿ ಅರ್ಥವಾಗುವುದಿಲ್ಲ. ದೂರದ ಗಣಕಕ್ಕೆ ಹೋಗಿ ಅಕ್ಷರವಾಗಿ ಹಿಂದಿರುಗುತ್ತದೆ. ಹೊಸನಗರದ ಕಾಡಂಚಿನ ಹಳ್ಳಿಗಳಲ್ಲಿ ಒಂದು ಕರೆಗೋಸ್ಕರ ಗುಡ್ಡವನ್ನು ಹತ್ತುವವರಿಗೆ, ಕನ್ನಡ ಬಲ್ಲ ಯಂತ್ರವೆಂದರೆ ಗುಡ್ಡದ ಮೇಲೆ ಮಾತ್ರ ಕನ್ನಡ ಬಲ್ಲ ಯಂತ್ರ. ಹೋಗಿಬರುವ ಮಾತನ್ನು ದಾರಿಯಲ್ಲಿ ಕೇಳುವವರೂ ಉಂಟು: ತಿದ್ದುಪಡಿಗೋಸ್ಕರ ಗ್ರಾಹಕರ ಧ್ವನಿಮುದ್ರಣಗಳ ತುಣುಕುಗಳನ್ನು ಗುತ್ತಿಗೆಯ ನೌಕರರು ಕೇಳುತ್ತಿದ್ದರೆಂಬುದು 2019ರಲ್ಲಿ ಬೆಳಕಿಗೆ ಬಂದಾಗ ಆ್ಯಪಲ್ ಸಂಸ್ಥೆಯು ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು.

ಹೇಳದೆ ಬಿಟ್ಟುದು ಅಪರಾಧವಾಗುವುದೇ ಎಂದರೆ, ನಮ್ಮ ಕಾನೂನು ಆಗುತ್ತದೆಂದೇ ಹೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ದಾರಿ ತಪ್ಪಿಸುವ ಜಾಹೀರಾತಿನ ಲಕ್ಷಣವನ್ನು ಹೇಳುವಾಗ, ಸುಳ್ಳು ವರ್ಣನೆಯೊಡನೆ, ಮುಖ್ಯವಾದ ಮಾಹಿತಿಯನ್ನು ಬೇಕೆಂದೇ ಮರೆಮಾಚುವುದನ್ನೂ ಸೇರಿಸಿದೆ. ಅದರಡಿಯಲ್ಲಿ ಸ್ಥಾಪಿತವಾದ ಕೇಂದ್ರ ಪ್ರಾಧಿಕಾರವು ಅಂಥ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಅದನ್ನೇ ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. 2022ರ ಜೂನಿನ ಮಾರ್ಗಸೂಚಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಷರತ್ತುಗಳನ್ನು ಘೋಷಣೆಯ ಭಾಷೆಯಲ್ಲಿಯೇ, ಘೋಷಣೆಯ ಅಕ್ಷರವಿನ್ಯಾಸದಲ್ಲಿಯೇ ಮುದ್ರಿಸಬೇಕೆಂದು ವಿಧಿಸಿವೆ. ಘೋಷಣೆ ಕನ್ನಡದಲ್ಲಿ ದೊಡ್ಡದಾಗಿ, ಷರತ್ತು ಇಂಗ್ಲಿಷಿನಲ್ಲಿ ಸಣ್ಣದಾಗಿ ಇರುವ ಫಲಕಗಳು ನೆಹರೂ ರಸ್ತೆಯಲ್ಲಿ ಇನ್ನೂ ತೂಗಾಡುತ್ತಿರುವುದನ್ನು ನೋಡಿದರೆ, ಮಾರ್ಗಸೂಚಿ ಮಾರ್ಗಕ್ಕೆ ಇಳಿದಿಲ್ಲವೆನ್ನಬೇಕಾಗುತ್ತದೆ.

ದೂರು ಕೊಡಬೇಕೆನ್ನುವವರಿಗೆ ಪ್ರತಿಯೊಂದು ಜಿಲ್ಲೆಯಲ್ಲಿಯೂ ಗ್ರಾಹಕರ ಆಯೋಗವಿದೆ. ತೆತ್ತ ಬೆಲೆ 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವಿಲ್ಲ, ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷಗಳ ಒಳಗೆ ಹೋಗಬೇಕು. ರಸೀದಿಯ ಜೊತೆಗೆ ಫಲಕದ ಫೋಟೋವನ್ನೂ, ಯಂತ್ರವು ತಪ್ಪಾಗಿ ಬರೆದುದರ ಪ್ರತಿಯನ್ನೂ ಇಟ್ಟುಕೊಂಡಿರುವುದು ಲೇಸು. ದೂರನ್ನು ಆ ಯಂತ್ರಕ್ಕೇ ಹೇಳಿ ಬರೆಸುವವರು 'ಬಿನ್' ಮತ್ತು 'ಕೋಂ'ಗಳನ್ನು ಮಾತ್ರ ಕೈಯಿಂದ ತಿದ್ದಿಯೇ ಸಹಿ ಮಾಡತಕ್ಕದ್ದು.